ಹಾಲಿನ ವಹಿಯೊಳಗಿನ 1972

ಹೋದ ದೀಪಾವಳಿಗೆ ತವರಮನಿ ಅಟ್ಟ ಝಾಡಿಸಿದಾಗ ಅವ್ವನ ಹಳೇ ಟ್ರಂಕಿನ್ಯಾಗ ಒಂದು ಹಾಲಿನ ವಹಿ ಸಿಕ್ತು. ಉದ್ದಂದು, ಕೆಂಪು ಬಟ್ಟಿ ಬೆನ್ನಿಂದು, ಹಾಳಿ ಎಲ್ಲಾ ಹಳದಿ ಆಗಿ ಮೂಲಿ ಉದುರಲಿಕ್ಕೆ ಹತ್ತಿದ್ದು. ಮುಂದಿನ ಕಡೆಯಿಂದ ತಗದ್ರ ಗೌಳಿ ಹಾಲಿನ ಲೆಕ್ಕ, ತಿಂಗಳಾ ತಿಂಗಳಾ ಅಪ್ಪ ನೋಡಿ ಕೆಳಗ ಸಹಿ ಮಾಡಿದ್ದು. ತಿರುವಿ ಹಿಂದಿನ ಕಡೆಯಿಂದ ತಗದ್ರ ನನ್ನ ದುಂಡನೆ ಅಕ್ಷರದಾಗ, ಪೆನ್ಸಿಲ್ಲಿಲೆ, ‘1972ನೇ ಸಾಲಿನ ಸಿನಿಮಾಗಳು’. ಕೆಳಗ ಒಂದು ಪಟ್ಟಿ. ಪಟ್ಟಿ ಮುಂದ ಐದು ಮನಿ ಗೀಟು ಹಾಕಿ ಐದು ಮಂದಿ ಕೊಟ್ಟ ಮಾರ್ಕ್ಸು. ಕಡೀ ಮನಿಯೊಳಗ, ಒಂದು ಕಡೆ, ಹಾಳಿ ಹರದದ. ಬೆರಳ ಉಗುರಿನಷ್ಟs ಹರದದ, ಅಷ್ಟ ಅಚ್ಚುಕಟ್ಟ.

ನಮ್ಮ ಓಣಿ ಅಕ್ಕಾ-ತಂಗ್ಯಾರು ಕೆಲವರಿಗೆ ಈ ವಹಿ ಸುದ್ದಿ ಹೇಳಿದಾಗ ‘ಅಯ್ಯ ಅದನ್ನ ಬರೀರಿ, ನಮ್ಮವ್ವನೂ ಅದರಾಗ ಇರಬೇಕು’ ಅಂದ್ರು. ಹಿಂಗಾಗಿ ಬರೀಲಿಕ್ಕೆ ಕೂತೀನಿ. ಯಾರ ಹೆಸರೂ ಹಾಕೂದಿಲ್ಲ. ತಿಳದಾವರಿಗೆ ತಿಳೀತದ.

ಮೊದಲ ಹಾಲಿನ ಲೆಕ್ಕದ ಗುಟ್ಟು ಹೇಳಿಬಿಡ್ತೀನಿ, ಯಾಕಂದ್ರ ಇತಿಹಾಸ ಬರಿಯೋರಿಗೆ ಸಾಕ್ಷಿ ಬೇಕಲ್ಲ. 1972ರ ಏಪ್ರಿಲ್‌ನಿಂದ ಡಿಸೆಂಬರ್ ತನಕಾ ಮುಂದಿನ ಪುಟಗಳನ್ನ ನೋಡಿದ್ರ ತಿಂಗಳಿಗೆ ಒಂದು ಸಲ, ಕೆಲವು ತಿಂಗಳು ಎರಡು ಸಲ, ‘ಅರ್ಧಾ ಲೀಟರ್ ಕಮ್ಮಿ’ ಅಂತ ಅದ. ಮದ್ಲ ನಾನು ಎಮ್ಮಿ ಬತ್ತಿತ್ತೇನೋ ಅನ್ಕೊಂಡೆ. ಆಮ್ಯಾಲೆ ಒಮ್ಮೆಲೆ ಹೊಳೀತು. ಹಾಲು ಕಮ್ಮಿ ಆದ ದಿನ ಎಲ್ಲಾ ಬುಧವಾರ ಇಲ್ಲಾ ಗುರುವಾರ. ಅಪ್ಪಗ ಆಫೀಸು, ಗಂಡಹುಡುಗ್ರಿಗೆ ಸಾಲಿ. ಅವ್ವ ಎರಡ ದಿವಸದ ಹಾಲು ಉಳಿಸಿ ಮ್ಯಾಟಿನಿ ತಿಕೀಟು ತಗೋತಿದ್ಲು! ಅಪ್ಪ ಸಹಿ ಮಾಡಿದ್ದು ಹಾಲಿನ ಲೆಕ್ಕಕ್ಕಲ್ಲ, ಸಿನಿಮಾ ಲೆಕ್ಕಕ್ಕ.

ಆಗ ನಾವು ಧಾರವಾಡದ ಮಾಳಮಡ್ಡ್ಯಾಗ ಒಂದು ಚಾಳಿನ್ಯಾಗ ಇದ್ವಿ. ಸಿನಿಮಾ ಮಂಡಳಿ ಅಂದ್ರ ಐದು ಮಂದಿ. ಅವ್ವ. ಕಾಕು, ಅಂದ್ರ ಅಪ್ಪನ ತಮ್ಮನ ಹೆಂಡ್ತಿ, ರಾಜಕುಮಾರ್ ಅಂದ್ರ ದೇವರಮನಿ ಕಡೆ ನೋಡಿ ಕೈ ಮುಗಿಯೋಕಿ. ಎದುರುಮನಿ ವೈನಿ, ಬೆಳಗಾವಿ ಕಡೆಯಾಕಿ, ಮರಾಠಿ ಹಿಂದಿ ಬಿಟ್ಟು ಬ್ಯಾರೆದ್ದೆಲ್ಲಾ ಅರ್ಧಾ ಬೆಂದದ್ದು ಅನ್ನೋಕಿ. ಮೂಲಿಮನಿ ಅಕ್ಕೋರು, ಹೆಣ್ಣುಮಕ್ಕಳ ಸಾಲ್ಯಾಗ ಕಲಿಸ್ತಿದ್ರು, ಮದಿವಿ ಆಗಿದ್ದಿಲ್ಲ, ಕಾದಂಬರಿ ಓದೂದ್ರಾಗ ಅವರ ಮುಂದ ಯಾರೂ ಇದ್ದಿಲ್ಲ. ಐದನೇದಾಕಿ ನಮ್ಮ ಅತ್ಯಾ, ಅಪ್ಪನ ಅಕ್ಕ. ಹತ್ತೊಂಬತ್ತನೇ ವರ್ಷಕ್ಕ ಗಂಡ ವಿಷಮಜ್ವರದಾಗ ಹೋದ ಮ್ಯಾಲೆ ನಮ್ಮ ಮನಿಗೇ ಬಂದು ಇದ್ದಾಕಿ. ಕೆಂಪು ಸೀರಿ, ತಲಿ ಮ್ಯಾಲೆ ಸೆರಗು, ಮಡಿ. ಮುಲ್ಕಿ ತನಕಾ ಓದಿದ್ಲು, ಆ ಕಾಲಕ್ಕ ಭಾಳ ಆತು. ಆಕಿ ಒಂದೂ ಸಿನಿಮಾ ನೋಡಿದಾಕಿ ಅಲ್ಲ. ಆದ್ರ ಪಟ್ಟಿಯೊಳಗ ಆಕಿದೂ ಒಂದು ಮನಿ ಅದ. ಯಾಕ ಅದ ಅನ್ನೂದು ಮುಂದ ಹೇಳ್ತೀನಿ.

ವರ್ಷದ ಸಿನಿಮಾಕ್ಕ ನಂಬರ್ ಹಚ್ಚಬೇಕು ಅನ್ನೋ ಹುಚ್ಚು ಎಲ್ಲಿಂದ ಬಂತು ಅಂದ್ರ ವೈನಿ ಮನಿ ರೇಡಿಯೋದಿಂದ. ಬುಧವಾರ ರಾತ್ರಿ ಎಂಟಕ್ಕ ರೇಡಿಯೋ ಸಿಲೋನಿನ್ಯಾಗ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ. ಹಾಡುಗಳನ್ನ ಮೆಟ್ಟಲಕ್ಕ ಏರಿಸಿ ಇಳಿಸಿ, ‘ಪಾಯದಾನ್’ ಅಂತ ಅವರು ಅಂತಿದ್ರು, ವರ್ಷದ ಕಡಿಗೆ ಎಲ್ಲಾ ಹಾಡಿನ ದೊಡ್ಡ ಪಟ್ಟಿ ಓದೋರು. ಅರ್ಧಾ ಚಾಳು ವೈನಿ ಪಡಸಾಲ್ಯಾಗ ಕೂತು ಕೇಳ್ತಿತ್ತು. ಹಾಡಿಗೆ ಮೆಟ್ಟಲಾ ಇದ್ರ ಸಿನಿಮಾಕ್ಕ ಯಾಕ ಇರಬಾರದು ಅಂದಾಕಿ ಕಾಕು.

1973ರ ಸಂಕ್ರಾಂತಿ ಮುಂದ ಪಟ್ಟಿ ಮಾಡಿದ್ವಿ. ಸಂಕ್ರಾಂತಿ ಯಾಕಂದ್ರ ಕುಸುರೆಳ್ಳು. ಈಗಿನ ಹುಡುಗ್ಯಾರು ಅಂಗಡ್ಯಾಗ ಪೊಟ್ಟಣಾ ತಗೋತೀರಿ, ನಿಮಗ ಗೊತ್ತಿರಲಿಕ್ಕಿಲ್ಲ. ಶೆಗಡಿ ಮ್ಯಾಲೆ ಸಣ್ಣ ಕೆಂಡ, ಹಿತ್ತಾಳಿ ಪರಾತಿನ್ಯಾಗ ಎಳ್ಳು, ಮ್ಯಾಲಿಂದ ಹಾಲು ಹಾಕಿ ಹೊಲಸು ತಗದ ಸಕ್ಕರಿ ಪಾಕ ಚಮಚಾದ ತುದಿಲೆ ಎರಡೇ ಹನಿ. ಬೆರಳಿಲೆ ಆಡಿಸಬೇಕು, ಒಣಗಿಸಬೇಕು, ಮತ್ತ ಎರಡು ಹನಿ. ಅವಸರ ಮಾಡಿದ್ರ ಗಂಟಾಗ್ತದ, ಕೆಂಡ ಜಾಸ್ತಿ ಆದ್ರ ಕೆಂಪಾಗ್ತದ. ಥಂಡಿ ಇದ್ದಷ್ಟೂ ಮುಳ್ಳು ಛಲೋ ಏಳ್ತಾವ. ಮೂರು-ನಾಲ್ಕು ದಿವಸದ ಕೆಲಸ, ಕೈ ಮಾತ್ರ ಅಲ್ಲಿರಬೇಕು, ಬಾಯಿ ಖಾಲಿ. ಹಿಂಗಾಗಿ ಇಂಥಾ ನ್ಯಾಯಾ ತೀರಸಲಿಕ್ಕೆ ಅದಕ್ಕಿಂತ ಛಲೋ ಹೊತ್ತಿಲ್ಲ. ಐದೂ ಮಂದಿ ಕೈಗೆ ಸಕ್ಕರಿ ಮೆತ್ತಿರತಿತ್ತು, ಅದಕ್ಕ ಬರಿಯೋ ಕಾರಕೂನಕಿ ನನ್ನ ಪಾಲಿಗೆ ಬಂತು. ಆಗ ನನಗ ಹನ್ನೊಂದು ವರ್ಷ.

ಮಾರ್ಕ್ಸು ಆಣೆ ಲೆಕ್ಕದಾಗ. ನಯಾಪೈಸೆ 1957ರಾಗ ಬಂದಿದ್ರೂ ನಮ್ಮ ಹೆಣ್ಣಮಕ್ಕಳ ಬಾಯಾಗ ಛಲೋ ಅಂದ್ರ ಇನ್ನೂ ಹದಿನಾರಾಣೆನs. ನೂರಕ್ಕ ಇಷ್ಟು ಅಂದ್ರ ಅದು ಸಾಲಿ ಪರೀಕ್ಷೆ ಆತು. ಆಣೆ ಅಂದ್ರ ಕೈಯಿಂದ ಬಿಟ್ಟ ರೊಕ್ಕ. ಕೊಡೋವಾಗ ಕರುಳು ಚುರುಕ್ ಅನ್ನಬೇಕು.

ಕೂತ ಕೂಡಲೇ ಜಗಳ ಹತ್ತಿದ್ದು ಯಾವ ಸಿನಿಮಾ ಈ ವರ್ಷದ್ದು, ಯಾವದು ಅಲ್ಲ ಅನ್ನೂದ್ರ ಮ್ಯಾಲೆ. ‘ವಂಶವೃಕ್ಷ’ ಬ್ಯಾಡ ಅಂದಾಕಿ ಕಾಕು. ಅದರ ಡೈರೆಕ್ಟರಿಕೆಗೆ ಕಾರಂತ ಮತ್ತ ಗಿರೀಶ ಕಾರ್ನಾಡ ಇಬ್ಬರಿಗೂ ಕೂಡೇ ಕೇಂದ್ರ ಸರ್ಕಾರದ ಪ್ರಶಸ್ತಿ ಬಂದಿತ್ತು, ಅದೂ 1971ರ ಲೆಕ್ಕದಾಗ. ಅಂದಮ್ಯಾಲೆ ಅದು ಹೋದ ವರ್ಷದ್ದು. ಅಕ್ಕೋರು ಬಿಡ್ಲಿಲ್ಲ. ‘ಸರ್ಕಾರದವರು ದಿಲ್ಲ್ಯಾಗ ಕೂತು ಯಾವಾಗ ನೋಡಿದ್ರೇನು, ಜನಾ ನೋಡಿದ್ದು ಈ ವರ್ಷ’ ಅಂದ್ರು. ಇನ್ನ ‘ನಾಗರಹಾವು’ ತಕರಾರು ಇದರ ಉಲ್ಟಾ. ಅದು ಬಿಡುಗಡೆ ಆದದ್ದು 1972ರ ಡಿಸೆಂಬರ್ 29ಕ್ಕ. ವರ್ಷ ಮುಗಿಲಿಕ್ಕೆ ಎರಡು ದಿವಸ. ಬೆಂಗಳೂರಿನ ಸುದ್ದಿ ಪೇಪರಿನ್ಯಾಗ ಓದಿದ್ವಿ, ಕಣ್ಣಿಲೆ ನೋಡಿದ್ದಿಲ್ಲ. ಕಡಿಗೆ ಅವ್ವ ‘ಸೂತಕ-ಪುರುಡು ಹುಟ್ಟಿದ ದಿವಸದಿಂದ ಹಿಡೀತಾರ, ನೋಡಿದ ದಿವಸದಿಂದ ಅಲ್ಲ. ಒಂದು ಸಾಲು ಖಾಲಿ ಬಿಡು’ ಅಂದ್ಲು. ಬಿಟ್ಟೆ. ಅದಕ್ಕs ಇವತ್ತಿಗೂ ವಹಿಯೊಳಗ ‘ನಾಗರಹಾವು’ ಸಾಲು ಬ್ಯಾರೆ ಪೆನ್ಸಿಲ್ಲಿನ್ಯಾಗ ಕರ್ರಗ ಅದ.

‘ಬಂಗಾರದ ಮನುಷ್ಯ’ಕ್ಕ ಕಾಕು ಹದಿನಾರಾಣೆ ಕೊಟ್ಲು, ಕೊಡ್ಲಾರದ ಇರ್ತಾಳೇನು. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯ ಅವರ ಡೈರೆಕ್ಷನ್, 1972ರ ಮಾರ್ಚ್ 31ಕ್ಕ ಬಂದದ್ದು. ಬೆಂಗಳೂರಿನ ಸ್ಟೇಟ್ಸ್ ಟಾಕೀಜಿನ್ಯಾಗ ಎರಡು ವರ್ಷ ಓಡಿತು. ಓದಿದ ಹುಡುಗ್ರು ಪ್ಯಾಟಿ ಬಿಟ್ಟು ಹೊಲಕ್ಕ ಹೋದ್ರು ಅಂತ ಈಗಲೂ ಹೇಳ್ತಾರ. ಆ ವರ್ಷ ನಮ್ಮ ಕಡೆ ಅದು ಯಾಕ ಅಷ್ಟು ನಾಟಿತು ಅಂತ ತಿಳಕೋಬೇಕಾದ್ರ ಮಳಿ ನೆನಪ ಮಾಡಕೋಬೇಕು. 1972ರಾಗ ಮಳಿ ಕೈ ಕೊಡ್ತು. ಮಹಾರಾಷ್ಟ್ರ, ಈ ಕಡೆ ಬಿಜಾಪುರ ಸೀಮಿ, ಎಲ್ಲಾ ಕಡೆ ಬರಗಾಲ. ಒಕ್ಕಲಮಕ್ಕಳು ಸರ್ಕಾರದ ಬರಗಾಲದ ಕೆಲಸಕ್ಕ ಹೋಗಿ ಖಡೀ ಒಡದು ಹೊಟ್ಟಿ ಹೊರದ್ರು. ಅವ್ವನ ತವರುಮನಿ ಅದೇ ಸೀಮಿ. ನಮ್ಮ ಸೋದರಮಾವ ಆ ಶ್ರಾವಣದಾಗ ಬಂದಾಗ ಅವನ್ನ ಕರಕೊಂಡು ಈ ಸಿನಿಮಾಕ್ಕ ಹೋದ್ವಿ. ಪಡದೆ ಮ್ಯಾಲೆ ರಾಜೀವ ಬರಡು ನೆಲಾ ಹಸನ ಮಾಡಿ ಪೈರು ತಗದಾಗ ಟಾಕೀಜಿಗೆ ಟಾಕೀಜು ಸಿಳ್ಳಿ ಹಾಕಿತು. ಮಾವ ಸುಮ್ನ ಕೂತಿದ್ದ. ಹೊರಗ ಬಂದ ಮ್ಯಾಲೆ ‘ಅಂವಗ ನೀರು ಹತ್ತಿತು’ ಅಂದ, ಅಷ್ಟs.

ಅವ್ವ ಹದಿನಾಲ್ಕಾಣೆ ಕೊಟ್ಲು. ಎರಡಾಣೆ ಯಾಕ ಮುರಕೊಂಡ್ಲು ಅಂದ್ರ ಕಡೀ ಭಾಗಕ್ಕ. ರಾಜೀವ ಸತ್ತ ಭಾವನ ಗುಟ್ಟು ಕಾಯ್ಲಿಕ್ಕೆ ಅಪವಾದ ತಾನು ಹೊತ್ತು, ಯಾರಿಗೂ ಏನೂ ಹೇಳದ, ಉಣ್ಣೋ ತಾಟು ಬಿಟ್ಟೆದ್ದು ಮನಿ ಬಿಟ್ಟು ಹೋಗ್ತಾನಲ್ಲ. ಮಂದಿ ಎಲ್ಲಾ ಅಳಲಿಕ್ಕೆ ಹತ್ತಿದ್ರು, ಅವ್ವಗ ಸಿಟ್ಟು ಬಂದಿತ್ತು. ‘ಅಕ್ಕನ್ನ ಒಳಗ ಕರದು ಹಿಂಗಿಂಗದ ಅಂತ ಒಂದು ಮಾತು ಹೇಳಿದ್ರ ಮುಗೀತಿತ್ತು. ಗಂಡಸರು ಮನಿ ಬಿಟ್ಟು ಹೋಗೂದೆಲ್ಲಾ ದೊಡ್ಡಸ್ತನಾ, ಹಿಂದ ಉಳದಾಕಿ ಏನ ಮಾಡಬೇಕು?’ ಅಂದ್ಲು. ಸಿನಿಮಾ ಪಂಡಿತರು ಈ ಚಿತ್ರದ ಮ್ಯಾಲೆ ಎಷ್ಟೋ ಬರದಾರ, ಈ ಪ್ರಶ್ನೆ ಯಾರರ ಕೇಳಿದ್ದು ನಾ ಎಲ್ಲೂ ಓದಿಲ್ಲ.

ಆ ವರ್ಷ ರಾಜಕುಮಾರರದು ಮತ್ತೂ ಭಾಳ ಬಂದ್ವು. ‘ಸಿಪಾಯಿ ರಾಮು’, ‘ಕ್ರಾಂತಿ ವೀರ’, ‘ಭಲೇ ಹುಚ್ಚ’, ‘ನಂದ ಗೋಕುಲ’, ‘ಜಗ ಮೆಚ್ಚಿದ ಮಗ’. ಕಾಕು ಎಲ್ಲಾದಕ್ಕೂ ಹನ್ನೆರಡಾಣೆ ಮ್ಯಾಲೇನ ಕೊಟ್ಟಾಳ, ಅದನ್ನ ಬರದು ನಿಮ್ಮ ತಲಿ ತಿನ್ನೂದಿಲ್ಲ. ದ್ವಾರಕೀಶರ ‘ಕುಳ್ಳ ಏಜೆಂಟ್ 000’ಕ್ಕ ಅಕ್ಕೋರು ಒಂದಾಣೆ ಕೊಟ್ರು. ಪೂಜ್ಯ ಮೂರು ಸಲ ಹೆಸರಿನ್ಯಾಗs ಇರೋದರಿಂದ ಮತ್ತ ಪೂಜ್ಯ ಕೊಡೂದು ಬ್ಯಾಡ ಅಂತ.

ವೈನಿ ತನ್ನ ಆಣೆ ಎಲ್ಲಾ ಶಾಂತಾರಾಮರ ‘ಪಿಂಜರಾ’ಕ್ಕ ಮತ್ತ ‘ಪಾಕೀಜಾ’ಕ್ಕ ಸುರದ್ಲು. ಧಾರವಾಡದಾಗ ಇದೇನು ಆಶ್ಚರ್ಯ ಅಲ್ಲ. 1956ರ ತನಕಾ ನಾವು ಮುಂಬೈ ಸರ್ಕಾರದ ಕೆಳಗ ಇದ್ದಾವರು, ಮರಾಠಿ ನಾಟಕಾ-ಸಿನಿಮಾ ಮನಿ ಮಂದೀನs. ‘ಪಿಂಜರಾ’ದಾಗ ಶ್ರೀರಾಮ ಲಾಗೂ ಅವರ ಮಾಸ್ತರು ತಮಾಷಾದಾಕಿ ಬೆನ್ನು ಹತ್ತಿ ತಾನs ಹಾಳಾಗೂದನ್ನ ವೈನಿ ಹೇಳಿದ್ರ ನಾವು ಕುಸುರೆಳ್ಳು ಆಡಸೂದು ಮರೀತಿದ್ವಿ. ‘ಪಾಕೀಜಾ’ ಕಮಾಲ್ ಅಮ್ರೋಹಿಯವರು ಹದಿನಾಲ್ಕು ವರ್ಷದ ಹತ್ರ ಮಾಡಿದ ಚಿತ್ರ. ಹಾಡು ಕಟ್ಟಿದ ಗುಲಾಮ್ ಮೊಹಮ್ಮದ್ ಅದು ಬರೋದ್ರಾಗ ತೀರಿಕೊಂಡಿದ್ರು. ಫೆಬ್ರವರಿಯೊಳಗ ಬಂತು, ಮಾರ್ಚ್ ಕಡಿಗೆ ಮೀನಾಕುಮಾರಿ ಹೋದ್ಲು. ಆಕಿ ಹೋಗಿದ್ದು ಮಾರ್ಚ್ 31. ‘ಬಂಗಾರದ ಮನುಷ್ಯ’ ಬಿಡುಗಡೆ ಆದ ದಿವಸನs! ಈ ಎರಡು ತಾರೀಖು ಒಂದ ಅನ್ನೂದು ನನಗ ಮೊನ್ನೆ ಈ ವಹಿ ಮುಂದ ಇಟಗೊಂಡು ಕೂತಾಗ ಕಣ್ಣಿಗೆ ಬಿತ್ತು. ಆವಾಗ ಐದೂ ಮಂದ್ಯಾಗ ಒಬ್ಬರಿಗೂ ಹೊಳದಿದ್ದಿಲ್ಲ. ವೈನಿ ಹದಿನಾರಾಣೆ ಕೊಟ್ಟು, ಕೈ ಒರಸಿಕೊಂಡು, ಎದ್ದು ಹೋಗಿ ಮಾರಿ ತೊಳಕೊಂಡು ಬಂದಿದ್ಲು.

ಈಗ ಅತ್ಯಾನ ಮಾತು. ನೋಡಲಾರದಾಕಿ ಹೆಂಗ ಮಾರ್ಕ್ಸ ಕೊಡ್ತಿದ್ಲು? ಕೇಳಿ. ಸಿನಿಮಾ ನೋಡಿ ಬಂದ ದಿವಸ ರಾತ್ರಿ, ಗಂಡಸರ ಊಟ ಆಗಿ ಅಡಗಿಮನಿ ಒರಸಿದ ಮ್ಯಾಲೆ, ಪೂರಾ ಕಥಿ ಅತ್ಯಾಗ ಹೇಳಬೇಕು. ಅದು ರಿವಾಜು. ಕಾಕು ಹೇಳಿದ್ರ ಕುಣದು ಹೇಳೋಕಿ, ಹೊಡದಾಟ ಬಂದ್ರ ಲಟ್ಟಣಿಗಿನs ಕತ್ತಿ. ಅವ್ವ ಹೇಳಿದ್ರ ಯಾರ ಮನ್ಯಾಗ ಎಂಥಾ ಭಾಂಡೆ ಇದ್ವು, ಯಾರು ಯಾರಿಗೆ ಚಹಾ ಕೇಳಲಿಲ್ಲ ಅನ್ನೂದು ಸುದ್ದಾ ಬರ್ತಿತ್ತು. ಅಕ್ಕೋರು ನಡುವಿನಿಂದ ಸುರು ಮಾಡೋರು. ಅತ್ಯಾ ಜಪದ ಸರಾ ಕೈಯಾಗ ಇಟಗೊಂಡು, ಕಣ್ಣು ಮುಚ್ಚಿ, ‘ಹೂಂ’ ಅಂತ ಕೇಳೋಕಿ. ನಡುವ ಒಂದs ಪ್ರಶ್ನೆ ಕೇಳ್ತಿದ್ಲು. ‘ಆವಾಗ ಆಕಿ ಎಲ್ಲಿದ್ಲು?’ ನಾಯಕ ಹೊಡದಾಡೋವಾಗ, ಅಳೋವಾಗ, ಊರು ಬಿಡೋವಾಗ, ಆಕಿ ಎಲ್ಲಿದ್ಲು. ಭಾಳ ಸಲ ನೋಡಿ ಬಂದಾವರಿಗೇ ಉತ್ತರ ಗೊತ್ತಿರತಿದ್ದಿಲ್ಲ. ಆಕಿ ಕೊಟ್ಟ ಆಣೆ ನೋಡಿದ್ರ ಬುದ್ಧಿವಂತರ ಪಟ್ಟಿ ಅದು. ‘ಬಂಗಾರದ ಮನುಷ್ಯ’ಕ್ಕ ಹನ್ನೆರಡು, ‘ಪಾಕೀಜಾ’ಕ್ಕ ಹದಿಮೂರು.

ಆದ್ರ ಒಂದು ಸಿನಿಮಾ ಅತ್ಯಾ ಕೇಳಿ ಅಲ್ಲ, ನೋಡಿದ್ಲು. ಇದನ್ನ ನಾನು ಐವತ್ತು ವರ್ಷ ಎಲ್ಲೂ ಹೇಳಿಲ್ಲ. ಈಗ ಕೇಳಿ ಸಿಟ್ಟಾಗೋರು ಯಾರೂ ಉಳದಿಲ್ಲ.

ಅಕ್ಕೋರು ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿ ವಾಚನಾಲಯದಿಂದ ತಂದು ಅತ್ಯಾಗ ಕೊಟ್ಟಿದ್ರು. 1965ರ ಪುಸ್ತಕ, ಓದಿ ಓದಿ ಹೊಲಗಿ ಬಿಚ್ಚಿತ್ತು. ನಿಮಗೆಲ್ಲಾ ಕಥಿ ಗೊತ್ತಿದ್ದದ್ದೇ. ನಂಜನಗೂಡಿನ ಶ್ರೋತ್ರಿಯವರ ಮಗ ಕಪಿಲಾ ಹೊಳಿ ಪಾಲಾಗ್ತಾನ, ಸೊಸಿ ಕಾತ್ಯಾಯನಿ ಕೂಸು ಇಟಗೊಂಡು ವಿಧವಿ ಆಗ್ತಾಳ. ಗಂಡ ಅರ್ಧಕ್ಕ ಬಿಟ್ಟ ಬಿ.ಎ. ತಾನು ಮುಗಸ್ತೀನಿ ಅಂತ ಮೈಸೂರಿಗೆ ಕಾಲೇಜಿಗೆ ಹೋಗ್ತಾಳ, ಅಲ್ಲಿ ರಾಜನ ಪರಿಚಯ, ಮದಿವಿ. ಕೂಸು ಮಾವನ ಮನ್ಯಾಗs ಉಳೀತದ. ಆಮ್ಯಾಲೆ ಆಕಿಗೆ ನಿಂತ ಬಸರು ಒಂದೂ ದಡಾ ಮುಟ್ಟೂದಿಲ್ಲ, ಒಳಗs ಕೊರಗಿ ಹೋಗ್ತಾಳ. ವಂಶ ವಂಶ ಅಂತ ಹಿಡದುಕೊಂಡ ಶ್ರೋತ್ರಿಯವರಿಗೇ ಕಡಿಗೆ ತಮ್ಮ ಹುಟ್ಟಿನ ಗುಟ್ಟು ತಿಳೀತದ.

ಅತ್ಯಾ ಆ ಪುಸ್ತಕ ಎರಡು ಸಲ ಓದಿದ್ಲು. ಸಿನಿಮಾ ಬಂದಾಗ ಒಂದು ಗುರುವಾರ, ರಾಯರ ಮಠಕ್ಕ ಹೋಗಿ ಬರ್ತೀನಿ ಅಂತ ಹೇಳಿ ಅಕ್ಕೋರ ಜೊತಿಗೆ ಹೊಂಟ್ಲು. ಅವ್ವ ಕೆಳಗ ನೋಡ್ಕೋತ ‘ಹುಡುಗೀನ್ನ ಕರಕೊಂಡು ಹೋಗ್ರಿ’ ಅಂತ ನನ್ನ ಕೈ ಕೊಟ್ಲು. ಹುಡುಗಿ ಜೊತಿಗಿದ್ರ ಮಂದಿಗೆ ಸಂಶೇ ಬರೂದಿಲ್ಲ. ಖರೇ ಅಂದ್ರ ಮದ್ಲ ಮಠಕ್ಕನs ಹೋದ್ವಿ. ಅತ್ಯಾ ಪ್ರದಕ್ಷಿಣಿ ಹಾಕಿ, ಮಂತ್ರಾಕ್ಷತಿ ಸೆರಗಿಗೆ ಕಟಗೊಂಡು, ಆಮ್ಯಾಲೆ ಟಾಕೀಜಿಗೆ ನಡದ್ಲು. ಸುಳ್ಳು ಹೇಳಬಾರದಲ್ಲ.

ಹೆಂಗಸರ ಕಡೀ ಸಾಲು, ಗ್ವಾಡಿಗೆ ಹತ್ತಿ. ಸಿನಿಮಾ ಕರೀ-ಬಿಳೀ. ನನಗ ಹೊಡದಾಟಿಲ್ಲ ಕುಣಿತಿಲ್ಲ ಅಂತ ಬ್ಯಾಸರಾತು, ಅರ್ಧಾ ನಿದ್ದಿ ಮಾಡಿದೆ. ಎಲ್.ವಿ. ಶಾರದಾ ಅವರ ಮಾರಿ ಒಂದು ನೆನಪದ, ಮಾತಾಡದ ಸುಮ್ನ ನೋಡೋ ಮಾರಿ. ರಾಜನ ಪಾತ್ರ ಕಾರ್ನಾಡರೇ ಮಾಡಿದ್ರು. ಧಾರವಾಡದ ಕರ್ನಾಟಕ ಕಾಲೇಜಿನ್ಯಾಗ ಓದಿದಾವರು, ಅದಕ್ಕ ಪಡದೆ ಮ್ಯಾಲೆ ಬಂದ ಕೂಡಲೇ ಮುಂದಿನ ಸಾಲಿನ್ಯಾಗ ಯಾರೋ ‘ನಮ್ಮಾಂವ’ ಅಂದ್ರು. ಅತ್ಯಾ ಮಾತ್ರ ಒಂದು ಸಲನೂ ಕಣ್ಣು ಒರಸಲಿಲ್ಲ. ಮಂತ್ರಾಕ್ಷತಿ ಗಂಟನ್ನ ಬಿಚ್ಚೂದು, ಮತ್ತ ಕಟ್ಟೂದು, ಬಿಚ್ಚೂದು, ಕಟ್ಟೂದು. ಮನಿಗೆ ಬಂದಾಗ ಆ ಅಕ್ಕಿಕಾಳು ಒಂದೂ ಉಳದಿದ್ದಿಲ್ಲ.

ಅದಾಗಿ ಎಷ್ಟೋ ತಿಂಗಳ ಮ್ಯಾಲೆ ಸಂಕ್ರಾಂತಿ ಪಂಚಾಯತಿಯೊಳಗ ‘ವಂಶವೃಕ್ಷ’ದ ಸರತಿ ಬಂತು. ಅಕ್ಕೋರು ಹದಿನಾರು. ಕಾಕು ನಾಲ್ಕು. ವೈನಿ ಆರು, ಅದೂ ಪ್ರಶಸ್ತಿ ಬಂದದ ಅಂತ ಮರ್ಯಾದಿಗೆ. ಅವ್ವ ಬರೇ ಐದು ಕೊಟ್ಟು, ‘ಏನರ ಆಗ್ಲಿ, ಕೂಸಿನ್ನ ಬಿಟ್ಟು ಹೋಗಬಾರದಾಗಿತ್ತು’ ಅಂದ್ಲು. ಅಕ್ಕೋರು ಕೈಯಾಗಿನ ಚಮಚಾ ಕೆಳಗಿಟ್ರು. ‘ಬಿಟ್ಟು ಹೋದ್ಲೋ, ಬಿಡಿಸಿದ್ರೋ? ಗಂಡಸು ಎರಡನೇ ಮದಿವಿ ಆದ್ರ ಮಕ್ಕಳು ಅವನ ಜೊತಿಗೇ ಇರ್ತಾವಲ್ಲ?’ ವಿಧವಾ ವಿವಾಹಕ್ಕ ಕಾನೂನು ಆದದ್ದು 1856ರಾಗ, ನೂರಾ ಹದಿನಾರು ವರ್ಷ ಆತು, ನಮ್ಮ ಓಣ್ಯಾಗ ಎಷ್ಟು ಆಗ್ಯಾವ ಹೇಳ್ರಿ ಅಂತ ಕೇಳಿದ್ರು. ಯಾರೂ ಮಾತಾಡಲಿಲ್ಲ. ಎಲ್ಲಾರೂ ಅತ್ಯಾನ ಕಡೆ ನೋಡಬಾರದು ಅಂತ ಪರಾತಿನ ಕಡೆ ನೋಡಿದ್ರು. ಆ ಘಾಣ ಕುಸುರೆಳ್ಳು ಕೆಂಪಾತು. ಅತ್ಯಾ ‘ನಂದು ಆಮ್ಯಾಲೆ ಬರೀವಂತಿ’ ಅಂದ್ಲು ನನಗ.

ಆ ಆಮ್ಯಾಲೆ ಬಂದದ್ದು ಬ್ಯಾಸಗ್ಯಾಗ. ಮಾಳಿಗಿ ಮ್ಯಾಲೆ ಸಂಡಿಗಿ ಹಾಕಿ ಕಾಗಿ ಕಾಯೋ ದಿವಸ. ಅಷ್ಟರಾಗ ‘ನಾಗರಹಾವು’ ನಮ್ಮೂರಿಗೂ ಬಂದು, ಎಲ್ಲಾರೂ ನೋಡಿ, ರಾತ್ರಿ ಅತ್ಯಾಗ ಹೇಳಿನೂ ಮುಗದಿತ್ತು. ತ.ರಾ.ಸು. ಅವರ ಮೂರು ಕಾದಂಬರಿ ಕೂಡಿಸಿ ಪುಟ್ಟಣ್ಣ ಕಣಗಾಲರು ಮಾಡಿದ್ದು, ಚಿತ್ರದುರ್ಗದ ಕ್ವಾಟಿ, ರಾಮಾಚಾರಿ, ಚಾಮಯ್ಯ ಮೇಷ್ಟ್ರು. ವಿಷ್ಣುವರ್ಧನ್ ಅನ್ನೋ ಹೊಸಾ ಹುಡುಗನ್ನ ನೋಡಿ ಕಾಕು ಸುದ್ದಾ ಅರ್ಧಾ ಪಕ್ಷಾ ಬದಲಿ ಮಾಡಿದ್ಲು. ‘ಇಂವ ಹೊಸಬ ಅಲ್ಲ, ವಂಶವೃಕ್ಷದಾಗ ಇದ್ದ’ ಅಂತ ಅತ್ಯಾ ಅಂದುಬಿಟ್ಲು! ಅಷ್ಟು ಸಣ್ಣ ಪಾತ್ರ, ಬ್ಯಾರೆ ಯಾರಿಗೂ ನೆನಪಿದ್ದಿಲ್ಲ. ಕಾಕು ‘ನಿಮಗ ಹೆಂಗ ಗೊತ್ತು ಅತ್ಯಾ?’ ಅಂದ್ಲು. ಅವ್ವ ಗಡಬಡಿಸಿ ‘ಅಕ್ಕೋರು ಹೇಳಿರಬೇಕು’ ಅಂದ್ಲು. ಕಾಕು ನಕ್ಕು ಸಂಡಿಗಿ ತಿರುವಿ ಹಾಕಿದ್ಲು. ಆಕಿಗೆ ಮದ್ಲs ಗೊತ್ತಿತ್ತು ಅಂತ ನನಗ ಈಗ ಅನಸ್ತದ.

ಎಲ್ಲಾರೂ ‘ನಾಗರಹಾವು’ಕ್ಕ ಹದಿನಾಲ್ಕು, ಹದಿನೈದು ಅಂತ ಏರಿಸಲಿಕ್ಕೆ ಹತ್ತಿದಾಗ ಅತ್ಯಾ ಜಪದ ಸರಾ ಕೆಳಗಿಟ್ಟು ಬೆರಳು ಮಡಚಿ ಎಣಿಸಿದ್ಲು. ‘ಬಂಗಾರದ ಮನುಷ್ಯದಾಗ ಲಕ್ಷ್ಮಿ ಸತ್ಲು. ವಂಶವೃಕ್ಷದಾಗ ಕಾತ್ಯಾಯನಿ ಸತ್ಲು. ಇದರಾಗ ಆ ಅಲಮೇಲುನ್ನ ಗಂಡನs ಮಾರಿದ, ಆಕಿ ಇದ್ದೂ ಸತ್ಲು. ಮಾರ್ಗರೇಟ್ ಅಂವನ ಜೊತಿ ಬೆಟ್ಟದಿಂದ ಹಾರಿ ಸತ್ಲು. ಒಂದು ವರ್ಷದಾಗ ಇಷ್ಟು ಮಂದಿ ಹೆಣ್ಮಕ್ಕಳು ಹೋದ್ರ, ಇದೇನು ಪ್ಲೇಗ್ ಬಂದಿತ್ತೇನ್ರೇ?’

ಮದ್ಲ ವೈನಿ ನಕ್ಕಳು, ಆಮ್ಯಾಲೆ ಎಲ್ಲಾರೂ ನಕ್ರು, ಆಮ್ಯಾಲೆ ಸುಮ್ನಾದ್ರು. ಅಷ್ಟರಾಗ ನನ್ನ ಕೆಳಗ ನೀರು ತರಲಿಕ್ಕೆ ಕಳಿಸಿದ್ರು. ತಂಬಿಗಿ ತುಂಬಿಸಿಕೊಂಡು ಮ್ಯಾಲೆ ಬರೂದ್ರಾಗ ವಹಿ ಅತ್ಯಾನ ತೊಡಿ ಮ್ಯಾಲಿತ್ತು. ಪೆನ್ಸಿಲ್ ಹಿಡದು ತಾನs ಬರೀತಿದ್ಲು, ಮುಲ್ಕಿ ಪಾಸಾದಾಕಿಯ ಓರೆ ಅಕ್ಷರ. ನಾ ಹಣಿಕಿ ಹಾಕೂದ್ರಾಗ ವಹಿ ಮುಚ್ಚಿ ಅವ್ವನ ಕೈಗೆ ಕೊಟ್ಲು. ಮುಂದಿನ ಸಲ ನಾ ವಹಿ ತಗದಾಗ ಅಲ್ಲಿ ತೂತಿತ್ತು. ‘ವಂಶವೃಕ್ಷ’ದ ಸಾಲು, ಅತ್ಯಾನ ಮನಿ.

ಅಪ್ಪನs ಹರದ ಅಂತ ನಾ ತಿಳಕೊಂಡಿದ್ದೆ. ತಿಂಗಳ ಕಡಿಗೆ ವಹಿ ಅವನ ಕೈಗೆ ಹೋಗ್ತಿತ್ತಲ್ಲ. ಅಪ್ಪ ಬೈದಿದ್ದು ನನಗ ನೆನಪಿಲ್ಲ, ಆದ್ರೂ ಅತ್ಯಾ ಹದಿನಾರಾಣೆ ಕೊಟ್ಟಿರಬೇಕು, ಅದನ್ನ ನೋಡಲಾರದ ಹರದಾನ ಅಂತ ನಾನs ಒಂದು ಸಿನಿಮಾ ಕಟಗೊಂಡಿದ್ದೆ. ಅದಕ್ಕ ಎಷ್ಟೋ ವರ್ಷ ಅಪ್ಪನ ಮ್ಯಾಲೆ ಒಳಗೊಳಗ ಸಿಟ್ಟೂ ಇತ್ತು. ಅಪ್ಪ ಹೋದ. ಅತ್ಯಾನೂ ಹೋದ್ಲು. ಟೀವಿ ಬಂದ ಮ್ಯಾಲೆ ವಾರದ ಸಿನಿಮಾ ಆಕಿ ದೇವರಮನಿ ಬಾಗಲದಾಗ ಕೂತು, ಹೂಬತ್ತಿ ಮಾಡ್ಕೋತ ನೋಡ್ತಿದ್ಲು. ಯಾರೂ ಏನೂ ಅನ್ನಲಿಲ್ಲ. ಆದ್ರ ಆಣೆ ಕೇಳಿದ್ರ ‘ಆಣೆ ಈಗ ಎಲ್ಲಿ ನಡೀತದ’ ಅಂತಿದ್ಲು.

2011ರಾಗ ಕಾರ್ನಾಡರ ಆತ್ಮಕಥಿ ‘ಆಡಾಡತ ಆಯುಷ್ಯ’ ಬಂದಾಗ ತಗೊಂಡು ಓದಿದೆ. ಅದರಾಗ ಅವರ ತಾಯಿ ಕೃಷ್ಣಾಬಾಯಿಯವರ ಕಥಿ ಅದ. ಸಣ್ಣ ವಯಸ್ಸಿನ್ಯಾಗ, ಒಂದು ಗಂಡಸಮಗು ಇದ್ದಾಗ ವಿಧವಿ ಆದಾವರು, ನರ್ಸ್ ಕೆಲಸ ಕಲತವರು, ಆಮ್ಯಾಲೆ ಡಾಕ್ಟರ್ ರಘುನಾಥ ಕಾರ್ನಾಡರನ್ನ ಮದಿವಿ ಆದವರು. ಗಿರೀಶ ಕಾರ್ನಾಡ ಆ ಮದಿವಿಯಿಂದ ಹುಟ್ಟಿದ ಮಗ. ಓದಿ ಪುಸ್ತಕ ಮುಚ್ಚಿಟ್ಟು ಸುಮ್ನ ಕೂತೆ. ಆವತ್ತು ಪಡದೆ ಮ್ಯಾಲೆ ವಿಧವಿ ಕೈ ಹಿಡದಾಂವ ಖರೇ ಬದುಕಿನ್ಯಾಗ ಅಂಥಾ ತಾಯಿ ಮಗ. ಆ ತಾಯಿ ಕೊರಗಿ ಸಾಯಲಿಲ್ಲ, ಸಂಸಾರ ಮಾಡಿದ್ರು, ಮಕ್ಕಳನ್ನ ದೊಡ್ಡವರನ್ನ ಮಾಡಿದ್ರು. ಅತ್ಯಾ ಇದ್ದಿದ್ರ ರಾತ್ರಿ ಅಡಗಿಮನ್ಯಾಗ ಕೂಡಿಸಿ ಇದೊಂದು ಕಥಿ ಹೇಳತಿದ್ದೆ. ‘ಆವಾಗ ಆಕಿ ಎಲ್ಲಿದ್ಲು?’ ಅಂತ ಕೇಳಿದ್ರ ಉತ್ತರ ಇತ್ತು.

ಈ ದೀಪಾವಳಿಗೆ ವಹಿ ಸಿಕ್ಕಾಗ ಅವ್ವನ ಮುಂದ ಒಯ್ದು ಇಟ್ಟೆ. ಆಕಿಗೆ ಎಂಬತ್ತಾರು. ಕಣ್ಣು ಅಷ್ಟಕ್ಕಷ್ಟ, ಬೆರಳಿಲೆ ಸವರಿ ನೋಡಿದ್ಲು. ತೂತು ಬೆರಳಿಗೆ ಹತ್ತಿತು.

‘ಅಪ್ಪ ಹರದದ್ದು’ ಅಂದೆ.

‘ನಿಮ್ಮಪ್ಪ ಯಾಕ ಹರೀತಾನ? ನಾನs ಹರದೆ. ಆಕಿ ಅಕ್ಷರಾ ಅವಗ ಗೊತ್ತಿತ್ತು. ನೋಡಿ ಬಂದಾಳ ಅಂತ ಒಂದ ನಿಮಿಷದಾಗ ತಿಳೀತಿತ್ತು. ಹರದು ಬಚ್ಚಲ ಒಲಿಗೆ ಹಾಕಿದೆ.’

‘ಹದಿನಾರಾಣೆ ಕೊಟ್ಟಿದ್ಲಲ್ಲ?’

ಅವ್ವ ನನ್ನ ಕಡೆ ನೋಡಿದ್ಲು, ಇಷ್ಟು ಓದಿದಾಕಿಗೆ ಇಷ್ಟೂ ತಿಳಿಯೂದಿಲ್ಲಲಾ ಅನ್ನೋ ಹಂಗ. ‘ಎಂಟು. ಎಂಟಾಣೆ ಬರದಿದ್ಲು. ಯಾಕ ಅಂತ ಕೇಳಿದ್ವಿ. ಆಕಿ ಮನಿ ಬಿಟ್ಟು ಹೊಂಟದ್ದು ಖರೇ ಅದ, ಹೋದ ಮ್ಯಾಲೆ ಸತ್ಲಲ್ಲ, ಅದು ಬರದಾವರು ಸಾಯಿಸಿದ್ದು ಅಂದ್ಲು.’

ನಾ ಏನೂ ಅನ್ನಲಿಲ್ಲ. ಅವ್ವ ವಹಿ ಇನ್ನೂ ಕೈಯಾಗ ಹಿಡಕೊಂಡs ಇದ್ಲು. ‘ನಾ ಎಷ್ಟು ಕೊಟ್ಟೀನಿ ಅದಕ್ಕ?’ ಅಂದ್ಲು.

‘ಐದು.’

‘ಹೂಂ.’ ಹೊತ್ತಾತು. ‘ಬಂಗಾರದ ಮನುಷ್ಯಕ್ಕ?’

‘ಹದಿನಾಲ್ಕು.’

‘ಅದರಾಗ ಮತ್ತೆರಡು ಕಡಿಮಿ ಮಾಡು. ಪೆನ್ಸಿಲ್ ಅದ ಏನು ನಿನ್ನ ಹತ್ರ?’